ಚೇಚಿಯ ಒಲೆಯ ಮೇಲೆ ನಮ್ಮ ಕಜ್ಜಾಯ

ದೀಪಾವಳಿಗೆ ಒಂದೇ ದಿನ ಇದೆ ಅನ್ನುವಾಗ ಹೊಳೆಯಾಚೆಯ ದೊಡ್ಡಜ್ಜ ತೀರಿಕೊಂಡ. ಕಬಿನಿಯ ಆ ದಡದಲ್ಲಿ ಕರ್ನಾಟಕ, ಈ ದಡದಲ್ಲಿ ಕೇರಳದ ಮುಳ್ಳನ್‌ಕೊಲ್ಲಿಯ ನಾವು. ಅವನು ಅಪ್ಪನ ದಾಯಾದಿ. ನಾನು ಅವನನ್ನು ನೋಡಿದ್ದೇ ಎರಡು ಸಲ, ಎರಡು ಸಲವೂ ಬೈಸಿಕೊಂಡಿದ್ದೆ. ತುಂಬು ಬಾಳು ಬಾಳಿದ ಜೀವ, ಹೋಗಲಿ ಪಾಪ ಅನ್ನಬಹುದಿತ್ತು. ಅಮ್ಮನಿಗೆ ಮಾತ್ರ ಅಷ್ಟು ತಾಳ್ಮೆ ಇರಲಿಲ್ಲ.

"ಇಷ್ಟು ವರ್ಷ ಇದ್ದೋನಿಗೆ ಇನ್ನೊಂದು ವಾರ ಇರೋಕೆ ಏನಾಗಿತ್ತು?" ಎಂದು ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆಯನ್ನು ಕೇಳಿದಳು. ಅಪ್ಪ ಅದಾಗಲೇ ಹೆಗಲಿಗೆ ಟವೆಲ್ ಹಾಕಿಕೊಂಡು ದೋಣಿ ಹತ್ತಿಯಾಗಿತ್ತು.

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಅಕ್ಕನ ಮದುವೆಯಾಗಿ ಅದು ಮೊದಲ ದೀಪಾವಳಿ. ಗುಂಡ್ಲುಪೇಟೆ ಕಡೆಯಿಂದ ಅಕ್ಕ, ಭಾವ ಬೈಕಿನಲ್ಲಿ ಹೊರಟೂ ಆಗಿತ್ತು. ಮದುವೆಯ ದಿನ ಅಕ್ಕನ ಅತ್ತೆ ಊಟದ ಎಲೆಯ ಮುಂದೆ ಕೂತು, "ಕೇರಳದೋರ್‌ಗೆ ನಮ್ ಹಬ್ಬ ಹರಿದಿನ ಎಲ್ಲಿ ಗೊತ್ತಿರುತ್ತೆ, ಬಾಳೆಕಾಯಿ ಚಿಪ್ಸೇ ಹಬ್ಬ ಇವ್ರಿಗೆ" ಎಂದಿದ್ದರು. ನಗುತ್ತಲೇ ಅಂದಿದ್ದು. ನಗುತ್ತಾ ಅಂದದ್ದೇ ಹೆಚ್ಚು ದಿನ ಕುಟುಕುತ್ತದೆ. ಅವತ್ತೇ ಅಮ್ಮ ಮನಸ್ಸಿನಲ್ಲೇ ಟೊಂಕ ಕಟ್ಟಿದಳು: ಅಳಿಯ ಮೊದಲ ಹಬ್ಬಕ್ಕೆ ಬರಲಿ, ಎಂಥ ಕಜ್ಜಾಯ ಕಟ್ಟಿ ಕಳಿಸುತ್ತೇನೆಂದರೆ ಆ ಬೀಗಿತ್ತಿ ಬಾಯಿ ಮುಚ್ಚಬೇಕು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲದ ಪಾಕ ಹಿಡಿದು ಹಿಟ್ಟು ಕಲಸಿ ಡಬ್ಬಿಯಲ್ಲಿ ಹದವಾಗಲು ಬಿಟ್ಟಿದ್ದಳು. ಇನ್ನು ಕರಿಯುವುದೊಂದೇ ಬಾಕಿ.

ಅಷ್ಟರಲ್ಲಿ ಸೂತಕ.

"ತಿಥಿ ಆಗೋಗಂಟ ಈ ಮನೇಲಿ ಬಾಣಲೆ ಏರಂಗಿಲ್ಲ" ಎಂದಳು ಅಜ್ಜಿ. ಅಪ್ಪನ ತಾಯಿ ಅವಳು. ಕಿವಿ ಅಷ್ಟಕ್ಕಷ್ಟೇ, ಶಾಸ್ತ್ರ ಮಾತ್ರ ಚುರುಕು. "ಅಳಿಯ ಇಲ್ಲಿ ನೀರೂ ಕುಡಿಯಂಗಿಲ್ಲ. ವಾಪಸ್ ಹೋಗು ಅನ್ನು."

ಅಮ್ಮ ಫೋನ್ ಮಾಡಿದಳು. ಮುತ್ತಂಗ ಕಾಡು ದಾಟಿ ಬತ್ತೇರಿಯಲ್ಲಿ ಚಹಾ ಕುಡಿಯುತ್ತಿದ್ದೇವೆ ಎಂದಳು ಅಕ್ಕ. ದನಿಯಲ್ಲಿ ಅಷ್ಟು ಸಂತೋಷವಿತ್ತು. ಅಮ್ಮ "ನಿಧಾನಕ್ಕೆ ಬನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಚೇಚಿಗೆ ಎಲ್ಲವೂ ಕೇಳಿಸಿತ್ತು. ಪಾಲಾ ಕಡೆಯಿಂದ ಬಂದು ನೆಲೆಸಿದ ಕ್ರಿಶ್ಚಿಯನ್ನರ ಮನೆ ಅದು. ಅಮ್ಮ ಅವರನ್ನು ಚೇಚಿ ಅನ್ನುತ್ತಾಳೆ, ಅವರು ಅಮ್ಮನನ್ನು ಚೇಚಿ ಅನ್ನುತ್ತಾರೆ. ಚೇಚಿ ಅಂದರೆ ಅಕ್ಕ; ತಾನು ದೊಡ್ಡವಳೆಂದು ಒಪ್ಪಿಕೊಳ್ಳಲು ಇಬ್ಬರೂ ತಯಾರಿಲ್ಲ. ಚೇಚಿ ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ತೆಗೆದು, "ಞಂಗಳ್ಡೆ ಅಡುಪ್ಪಿನ್ ಪುಲ ಇಲ್ಲಲ್ಲೋ" ಎಂದರು. ನಮ್ಮ ಒಲೆಗೇನೂ ಸೂತಕವಿಲ್ಲವಲ್ಲ!

ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ತುಂಬ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು. ಹಿಟ್ಟು ಕಲಸಿದ್ದು ಸಾವಿಗೆ ಮುಂಚೆ, ಹಾಗಾಗಿ ಹಿಟ್ಟಿಗೆ ದೋಷವಿಲ್ಲ. ಬೇರೆಯವರು ಕರಿಯಬಹುದು, ಅಳಿಯ ಅಲ್ಲೇ ಉಣ್ಣಬಹುದು. ಆದರೆ ನಮ್ಮ ಕೈ ಆ ಹಿಟ್ಟಿಗೂ ಸೋಕಬಾರದು, ಬಂದವರ ಮೈಗೂ ಸೋಕಬಾರದು. ಯಾವ ಕೋರ್ಟಿನಲ್ಲೂ ಇಷ್ಟು ಚೊಕ್ಕವಾದ ತೀರ್ಪು ಸಿಗುವುದಿಲ್ಲ.

ಚೇಚಿ ಬಂದು ಡಬ್ಬಿ ಎತ್ತಿಕೊಂಡು ಹೋದರು. ಅಮ್ಮ ಅವರ ಅಡುಗೆಮನೆಯ ಕಿಟಕಿಯ ಹೊರಗೆ ಕಾಫಿಗಿಡದ ಪಕ್ಕ ನಿಂತಳು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಪಕ್ಕದಲ್ಲಿ ನಾನು. ನನ್ನದು ದುಭಾಷಿಯ ಕೆಲಸ. ಅಮ್ಮನ ಮಲಯಾಳ ಸಂತೆಗೆ, ಆಸ್ಪತ್ರೆಗೆ, ಬ್ಯಾಂಕಿಗೆಲ್ಲ ಸಾಕು. ಸಿಟ್ಟು ಬಂದರೆ ಮಾತ್ರ ಪೂರ್ತಿ ಕನ್ನಡಕ್ಕೆ ಇಳಿಯುತ್ತದೆ. ಅವತ್ತು ಬೆಳಗಿನಿಂದ ಇಳಿದೇ ಇತ್ತು.

"ಎಣ್ಣೆ ಕಾದೈತಾ ಕೇಳೇ. ಬಾಳೆಲೆ ಮೇಲೆ ತಟ್ಟು ಅನ್ನು. ಅಷ್ಟು ದಪ್ಪ ಬೇಡ! ಅಯ್ಯೋ, ಸೆಗಣಿ ತಟ್ಟಿದಂಗೆ ತಟ್ತಾಳಲ್ಲೇ!"

"ಸ್ವಲ್ಪ ತೆಳ್ಳಗೆ ತಟ್ಟಿದರೆ ಚೆನ್ನಾಗಿರುತ್ತಂತೆ" ಎಂದು ನಾನು ಮಲಯಾಳದಲ್ಲಿ ಹೇಳಿದೆ.

ಮೊದಲ ಕಜ್ಜಾಯ ಎಣ್ಣೆಗೆ ಇಳಿಯಿತು. ಉಬ್ಬಿತು. ನಾವು ಮೂವರೂ ಬಾಣಲೆಯತ್ತ ಬಗ್ಗಿದೆವು. ಆಮೇಲೆ ಅದು ಅಂಚಿನಿಂದ ಬಿಚ್ಚಿಕೊಳ್ಳುತ್ತಾ ಬಂದು, ನೋಡನೋಡುತ್ತಿದ್ದಂತೆ ಬಾಣಲೆಯ ತುಂಬ ಚೂರುಚೂರಾಗಿ ತೇಲಿತು. ಎರಡನೆಯದೂ ಅಷ್ಟೇ. ಪಾಕ ಕೆಟ್ಟಿತ್ತು.

"ತೆಂಗಿನೆಣ್ಣೆ! ತೆಂಗಿನೆಣ್ಣೇಲಿ ಯಾರಾದ್ರೂ ಕಜ್ಜಾಯ ಕರೀತಾರಾ?" ಎಂದಳು ಅಮ್ಮ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಕಜ್ಜಾಯ ಕರಿದದ್ದು ತೆಂಗಿನೆಣ್ಣೆಯಲ್ಲೇ. ಕುಣಿಯಲಾರದವಳಿಗೆ ನೆಲ ಡೊಂಕು. ಇದನ್ನು ನಾನು ಅನುವಾದಿಸಲಿಲ್ಲ. ಆದರೆ ಚೇಚಿಗೆ ಮುಖ ನೋಡಿಯೇ ಅರ್ಥವಾಯಿತು, ಸೌಟನ್ನು ಕಿಟಕಿಯ ಸರಳಿಗೆ ತಾಗಿಸಿ ಅವರೂ ಏನೋ ಅಂದರು. ಅದನ್ನೂ ನಾನು ಅನುವಾದಿಸಲಿಲ್ಲ. ನನಗೆ ಹೊಟ್ಟೆಯೊಳಗಿಂದ ನಗು ಒತ್ತಿಕೊಂಡು ಬರುತ್ತಿತ್ತು. ಸಾವಾದ ದಿನ, ಅಪ್ಪ ಆ ದಡದಲ್ಲಿ ಹೆಣಕ್ಕೆ ಹೆಗಲು ಕೊಡುತ್ತಿರಬಹುದು, ಇಲ್ಲಿ ನಾನು ಕಾಫಿಗಿಡ ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದೇನೆ. ತಿರುಗಿ ನೋಡಿದರೆ ಅಮ್ಮನ ಕಣ್ಣಲ್ಲಿ ನೀರು. ನಾನು ಕಾಫಿಗಿಡ ಬಿಟ್ಟು ನೆಟ್ಟಗೆ ನಿಂತೆ.

"ಏನಂತಾರೆ ಆ ಬೀಗ್ರು ನನ್ ಮಗಳನ್ನ?" ಎಂದಳು. ಅಷ್ಟೇ ಅಂದಳು.

ಚೇಚಿ ಒಲೆ ಸಣ್ಣ ಮಾಡಿದರು. "ಸಾರಮಿಲ್ಲ ಚೇಚಿ" ಎಂದು, ಪರವಾಗಿಲ್ಲ ಅನ್ನುವ ಆ ಒಂದೇ ಮಾತನ್ನು ಮೂರು ನಾಲ್ಕು ಸಲ ಹೇಳುತ್ತಾ ಬಾಳೆಗೊನೆಯಿಂದ ಹಣ್ಣು ಕಿತ್ತರು. ಕಿವುಚಿ ಹಿಟ್ಟಿಗೆ ಹಾಕಿದರು. ಅಕ್ಕಿಹಿಟ್ಟು ಉದುರಿಸಿದರು, ತೆಂಗಿನಕಾಯಿ ಚೂರನ್ನು ತುಪ್ಪದಲ್ಲಿ ಹುರಿದು ಸುರಿದರು, ಎಳ್ಳು, ಏಲಕ್ಕಿ ಹಾಕಿದರು. ತಮ್ಮ ಕಡೆಯ ಸಿಹಿ ಅಪ್ಪ ಉಣ್ಣಿಯಪ್ಪ ಕರಿಯುವ ಗುಳಿಗಳ ಕಾವಲಿಯನ್ನು ಒಲೆಗೆ ಏರಿಸಿದರು. "ಮದಿ, ಸಾಕು, ಬಾಳೆಹಣ್ಣು ಮದಿ!" ಎಂದು ಅಮ್ಮ ಎರಡೂ ಭಾಷೆಯಲ್ಲಿ ಕೂಗುತ್ತಲೇ ಇದ್ದಳು. ಯಾರೂ ಕೇಳಲಿಲ್ಲ. ಗುಳಿಗಳಲ್ಲಿ ಹಿಟ್ಟು ಗುಂಡಗೆ ಉಬ್ಬಿ, ಕೆಂಪಾಗಿ, ಬೀದಿಯವರೆಗೆ ಘಮ ಹೊಡೆಯಿತು. ಅಜ್ಜಿ ಜಗಲಿಯಿಂದ, "ಆಯ್ತೇನೇ?" ಎಂದು ಕೂಗಿದಳು. ಕಿವಿ ಕೇಳದಿದ್ದರೇನು, ಮೂಗಿತ್ತಲ್ಲ.

ಅಷ್ಟರಲ್ಲೇ ಬೈಕ್ ಬಂತು.

ಚೇಚಿ ನೈಟಿಯ ಮೇಲೊಂದು ತೋರ್ತು ಟವೆಲ್ ಎಳೆದುಕೊಂಡು ಓಡಿ, ಅಕ್ಕ ಭಾವ ಇಬ್ಬರನ್ನೂ ತಮ್ಮ ಮನೆಯ ಕಡೆ ತಿರುಗಿಸಿದರು. ವಿಷಯ ತಿಳಿಸಿ, ಜಗಲಿಯಲ್ಲಿ ಕೂರಿಸಿ, ಸ್ಟೀಲ್ ತಟ್ಟೆಯಲ್ಲಿ ಬಿಸಿಬಿಸಿ ಉಂಡೆಗಳನ್ನು ತಂದಿಟ್ಟರು. ಅಮ್ಮ ಬೇಲಿಯ ಈಚೆಗೆ ಬಂದು ನಿಂತಳು, ತಪ್ಪಿತಸ್ಥಳ ಹಾಗೆ. ಭಾವ ಒಂದನ್ನು ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು.

"ಅತ್ತೆ, ಏನಿದು?"

ಅಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಒಂದನ್ನು ಕಚ್ಚಿದಳು. ಅಗಿಯುತ್ತಾ ಅಗಿಯುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತು, ಚಿಕ್ಕ ಮಗುವಿನ ಹಾಗೆ ಜೋರಾಗಿ ಅಳತೊಡಗಿದಳು.

"ನಾನು ಬಾಯಿ ಬಿಟ್ರೆ ಅಲ್ಲಿ ಎಲ್ರೂ ನಗ್ತಾರಮ್ಮ. ಹಂಗೆ ಅನ್ನೋಕೆ ಪೋಲೆ, ಸಾಕು ಅನ್ನೋಕೆ ಮದಿ ಅಂತ ಬಾಯಿಗೆ ಬಂದ್ಬಿಡ್ತದೆ. ಮಲಯಾಳದೋಳು ಅಂತಾರೆ. ಇಲ್ಲಿ ಶಾಲೇಲಿ ಕನ್ನಡದೋಳು ಅಂತಿದ್ರು. ನಾನು ಈಗ ಮಾತಾಡೋದೇ ಬಿಟ್ಟಿದೀನಿ."

ನಮ್ಮಕ್ಕ ಮಾತು ಬಿಟ್ಟಿದ್ದಾಳೆ! ನಿದ್ದೆಯಲ್ಲೂ ವಟಗುಟ್ಟುತ್ತಿದ್ದವಳು.

ಬೇಲಿಯ ಗೇಟು ಯಾವಾಗ ತೆರೆಯಿತೋ, ಅಮ್ಮ ಆಚೆ ಹೋಗಿ ಅಕ್ಕನನ್ನು ಬಾಚಿ ತಬ್ಬಿಕೊಂಡಿದ್ದಳು. ನಾನು ಗಾಬರಿಯಿಂದ ಅಜ್ಜಿಯ ಕಡೆ ನೋಡಿದೆ. ಅಜ್ಜಿ ನೋಡುತ್ತಲೇ ಇದ್ದಳು. "ತಲೆ ಮೇಲೆ ನಾಕು ಚೆಂಬು ನೀರು ಹುಯ್ಕೊಂಡ್ರೆ ಆಯ್ತು" ಎಂದು ತನಗೆ ತಾನೇ ಹೇಳಿಕೊಂಡು ಎಲೆಯಡಿಕೆ ಚೀಲ ಬಿಚ್ಚಿದಳು.

ಅಮ್ಮ ಕಣ್ಣೊರೆಸಿಕೊಂಡು ಭಾವನ ಕಡೆ ತಿರುಗಿದಳು. "ಏನಿದು ಅಂದ್ರಲ್ಲ. ಕಜ್ಜಾಯ ಇದು. ಪಾಕ ನಂದು, ಕೆಟ್ಟೋಗಿತ್ತು. ಉಳಿಸಿದ್ದು ಚೇಚಿ. ನಿಮ್ಮವ್ವಂಗೂ ಕಟ್ಟಿಕೊಡ್ತೀನಿ, ನಮ್ ಮನೇದು ಅಂತಾನೇ ಕೊಡಿ. ಬಾಳೆಹಣ್ಣೂ ಇರ್ತದೆ, ತೆಂಗಿನೆಣ್ಣೇನೂ ಇರ್ತದೆ. ನನ್ ಮಗಳ ಮಾತೂ ಹಂಗೇ."

ಭಾವ ತಟ್ಟೆಯನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. "ನಗೋರಲ್ಲಿ ನಾನೂ ಒಬ್ಬ ಅತ್ತೆ" ಎಂದರು.

ಅಕ್ಕ ಅಳು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಅಮ್ಮ ತಾನೇ ತಟ್ಟೆಗೆ ಕೈ ಹಾಕಿ ಎರಡು ದಪ್ಪ ಉಂಡೆಗಳನ್ನು ಆರಿಸಿ ಭಾವನ ಮುಂದೆ ಹಿಡಿದಳು.

"ತಿನ್ನಿ" ಎಂದಳು. "ಬಾಯಿ ತುಂಬ ಇದ್ರೆ ನಗೋಕಾಗಲ್ಲ."