ಮೆಟ್ಟಿಲ ಕೆಳಗಿನ ಟೈಲರ್

ಮಂಡ್ಯದಲ್ಲಿ ಈಗ ಶಾಪಿಂಗ್ ಮಾಲು ನಿಂತಿರುವ ಜಾಗದಲ್ಲಿ ಮೊದಲು ಹೆಂಚಿನ ಮಳಿಗೆಗಳ ಸಾಲಿತ್ತು. ಅದರಲ್ಲೊಂದರಲ್ಲಿ ಖಾಸಿಂ ಬೀದಿಗೆ ಮುಖಮಾಡಿ ಕೂತು ಅಂಗಿ ಹೊಲಿಯುತ್ತಿದ್ದ. ಮಳಿಗೆ ಕೆಡವಿದವರು ಅವನ ಬಾಯಿ ಮುಚ್ಚಿಸಲು ಮಾಲಿನ ಬಟ್ಟೆ ವಿಭಾಗದ ಮೆಟ್ಟಿಲ ಕೆಳಗೆ ಮಿಷನ್ನು ಹಿಡಿಸುವಷ್ಟು ಜಾಗ, ತಿಂಗಳ ಸಂಬಳ ಕೊಟ್ಟರು. ಅಲ್ಲಿ ಮಾರಿದ ಪ್ಯಾಂಟುಗಳ ಉದ್ದ ಕತ್ತರಿಸುವುದಷ್ಟೇ ಕೆಲಸ. ಅಲ್ಲಾಗಲಿ ಮನೆಯಲ್ಲಾಗಲಿ ಹೊಸ ಬಟ್ಟೆ ಹೊಲಿಯಕೂಡದೆಂಬುದು ಅವರ ಷರತ್ತು. ದರ್ಜಿಗೆ ಹೊಲಿಯಬೇಡ ಎನ್ನುವುದು ಯಾವ ನ್ಯಾಯವೋ! ಕಿಟಕಿಯಿಲ್ಲದ ಆ ಗೂಡಿನಲ್ಲಿ ಹನ್ನೊಂದು ವರ್ಷ ಕಳೆದಿದೆ. ಹೊರಗೆ ಮಳೆ ಬಂದದ್ದು ಅವನಿಗೆ ಗಿರಾಕಿಗಳ ಒದ್ದೆ ಕಾಲುಗಳಿಂದಲೇ ಗೊತ್ತಾಗಬೇಕು.

ಮೊನ್ನೆ ಮದ್ದೂರಿನ ಹಳೇ ಗಿರಾಕಿ ಚಲುವರಾಜು ಬಟ್ಟೆ ಪೀಸು ಹಿಡಿದು ಬಂದ. "ಮಗಳ ಮದ್ವೆ ಕಣ್ಲಾ. ನೀನೇ ಒಂದು ಅಂಗಿ ಒಲ್ಕೊಡ್ಬೇಕು."

ಖಾಸಿಂನ ಕೈ ತಾನಾಗಿಯೇ ಟೇಪು ಎಳೆದು ಚಲುವರಾಜುವಿನ ಭುಜದವರೆಗೆ ಏರಿತು. ತಲೆಯ ಮೇಲೆ ಮಾಲಿನವರು ಹಾಕಿಸಿದ್ದ ಕಾವಲು ಕ್ಯಾಮೆರಾ ನೆನಪಾಗಿ ಕೆಳಗಿಳಿಯಿತು.

"ನಾನು ಒಲಿಯಂಗಿಲ್ಲ ಕಣಣ್ಣ."

ಚಲುವರಾಜುವಿಗೆ ರೇಗಿತು. "ಓಗ್ಲಿ ಬುಡು! ನಿನ್ನ ಅಂಗೀನೇ ಬುಜದಿಂದ ಜಾರ್ತಾ ಐತಲ್ಲ, ಅದ್ನಾರ ಸರಿ ಮಾಡ್ಕಳ್ಲಾ!"

ಜೇಬಿನ ಮೇಲೆ ಮಾಲಿನ ಹೆಸರಿದ್ದ ಅಂಗಿಯನ್ನು ಖಾಸಿಂ ಭುಜಕ್ಕೆ ಎಳೆದುಕೊಂಡ.

"ಇದು ಯೂನಿಫಾರಂ ಕಣಣ್ಣ. ಕತ್ರಿ ಆಕಂಗಿಲ್ಲ."