ಸಿದ್ದಯ್ಯನವರ ಬೆರಳ ಗಣ್ಣು

ಓಟದ ಸಮಯ ಅಳೆಯುವವರು ಓಟಗಾರರ ಕಡೆ ಮುಖ ಮಾಡಿ ನಿಲ್ಲುವುದು ಎಲ್ಲ ಕಡೆಯ ರೂಢಿ. ನಮ್ಮೂರಿನ ನೀರುಗಂಟಿ ಸಿದ್ದಯ್ಯನವರು ಬೆನ್ನು ಹಾಕಿ ನಿಲ್ಲುತ್ತಿದ್ದರು. ತೂಬಿನ ಕಟ್ಟೆಯ ಮೇಲೆ ನಾಲೆಯ ನೀರಿಗೆ ಮುಖ ಮಾಡಿ, ಕಣ್ಣು ಮುಚ್ಚಿ, ಎಡಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತಾ ನಿಂತರೆ, ಹಿಂದಿನಿಂದ ನೋಡಿದವರಿಗೆ ಯಾರೋ ಜಪಕ್ಕೆ ನಿಂತಂತೆ ಕಾಣುತ್ತಿತ್ತು. ನಾವು ಏದುಸಿರು ಬಿಡುತ್ತಾ ಅವರ ಬೆನ್ನ ಹಿಂದಿನ ಕಲ್ಲನ್ನು ದಾಟಿದ ಕೂಡಲೇ ಹೆಬ್ಬೆರಳು ನಿಲ್ಲುತ್ತಿತ್ತು. ತಿರುಗಿ ನೋಡದೆಯೇ ಹೇಳುತ್ತಿದ್ದರು: "ಜಯವ್ವ, ನೆನ್ನೆಗಿಂತ ಒಂದ್ ಗಣ್ಣು ಬೇಗ ಬಂದೆ ಕಣವ್ವ."

ನಮ್ಮೂರು ಪಾಂಡವಪುರದ ಆಚೆ, ನಾಲೆಯ ಬಗಲಲ್ಲಿದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಸಿದ್ದಯ್ಯನವರ ತಂದೆಯೂ ಅಜ್ಜನೂ ಅದನ್ನೇ ಮಾಡಿದ್ದರು. ಒಂದು ಬೆರಳಿಗೆ ಮೂರು ಗಣ್ಣು, ನಾಲ್ಕು ಬೆರಳಿಗೆ ಹನ್ನೆರಡು, ಹನ್ನೆರಡಾದರೆ ಬಲಗೈಯಲ್ಲಿ ಒಂದು ಎಣಿಕೆ. ಹೀಗೆ ಕೈಯಲ್ಲೇ ಲೆಕ್ಕ ಹಿಡಿದು ಅವರು ಒಂದು ಗದ್ದೆಯಿಂದ ಇನ್ನೊಂದಕ್ಕೆ ನೀರಿನ ಮಡೆ ತಿರುಗಿಸುತ್ತಿದ್ದರು. ಕೈಗೆ ವಾಚು ಕಟ್ಟಿಕೊಂಡು ಬಂದ ರೈತರು ಅವರೊಂದಿಗೆ ಜಗಳಕ್ಕೆ ನಿಂತು, ಕೊನೆಗೆ ವಾಚನ್ನೇ ಅನುಮಾನಿಸಿ ಮನೆಗೆ ಹೋಗಿದ್ದುಂಟು. ಕಪ್ಪಗೆ, ತೆಳ್ಳಗೆ, ಮೊಣಕಾಲಿನ ತನಕ ಸದಾ ಒದ್ದೆಯಾಗಿರುತ್ತಿದ್ದ ಆ ಮನುಷ್ಯ ನಕ್ಕಿದ್ದನ್ನು ನಾನು ಹೆಚ್ಚು ನೋಡಿಲ್ಲ. ಆದರೆ ಯಾರನ್ನೂ ನೋಯಿಸಿದ್ದನ್ನೂ ನೋಡಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾಲೆ ಏರಿಯ ಮೇಲೆ ಬೆಳಿಗ್ಗೆ ಓಡುವವರು ಹದಿನೆಂಟು ಜನರಿದ್ದೆವು. ಪೊಲೀಸ್ ಕೆಲಸದ ಆಸೆಯವರು, ಸಕ್ಕರೆ ಕಾಯಿಲೆಯ ಅಂಚೆಯವರು, ಮದುವೆಗೆ ಮುಂಚೆ ಹೊಟ್ಟೆ ಇಳಿಸಲು ಹೊರಟಿದ್ದ ಟ್ರಾಕ್ಟರು ಡ್ರೈವರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದ ಅಂಗನವಾಡಿಯ ಅಕ್ಕ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದವಳು. ಎಲ್ಲರೂ ಸಿದ್ದಯ್ಯನವರ ಬಾಯಿಂದ ಬೀಳುವ ಒಂದು ಮಾತಿಗೆ ಓಡುತ್ತಿದ್ದೆವು. ಅಂಚೆಯವರು ಕಾಲೆಳೆದುಕೊಂಡು ಕೊನೆಗೆ ಬಂದರೂ ಸಿದ್ದಯ್ಯನವರು, "ಸ್ವಾಮಿ, ಇವತ್ತು ಎಜ್ಜೆ ಅಗುರಾಗೈತೆ" ಎನ್ನುತ್ತಿದ್ದರು. ಅಂಚೆಯವರು ಅಷ್ಟಕ್ಕೇ ಮುಖ ಅರಳಿಸಿಕೊಂಡು ಕಾಗದ ಹಂಚಲು ಹೋಗುತ್ತಿದ್ದರು.

ಒಂದು ವಿಷಯ ಮಾತ್ರ ನಮಗೆ ತಮಾಷೆಯಾಗಿತ್ತು. ಓಟ ಮುಗಿದ ಮೇಲೆ "ಎಷ್ಟು ಜನ ಬಂದ್ರು ತಾತ?" ಎಂದು ಕೇಳಿದರೆ ಅವರು ಯಾವಾಗಲೂ ಒಬ್ಬರನ್ನು ಹೆಚ್ಚಿಗೆ ಹೇಳುತ್ತಿದ್ದರು. ಹದಿನೆಂಟು ಜನ ಓಡಿದರೆ ಹತ್ತೊಂಬತ್ತು, ಐದು ಜನ ಓಡಿದರೆ ಆರು. ನಾಲೆಯ ಮೇಲೆ ಮಂಜು ಕವಿದ ಒಂದು ಬೆಳಿಗ್ಗೆ ನಾನೊಬ್ಬಳೇ ಓಡಿದ್ದೆ. ಕೀಟಲೆಗೆಂದೇ ಕೇಳಿದೆ.

"ಇಬ್ರು," ಎಂದರು.

"ಇನ್ನೊಬ್ರು ಯಾರು ತಾತ?"

"ನಿನ್ ಮುಂದ್ಗಡೆ ಓದ. ಎರಡು ಗಣ್ಣು ಮುಂದೆ."

ನಗಬೇಕೆಂದು ಬಾಯಿ ತೆರೆದವಳು ಕಟ್ಟೆಯ ಕಲ್ಲು ನೋಡಿದೆ. ನನ್ನ ಕ್ಯಾನ್ವಾಸ್ ಶೂ ಒಣಗಿತ್ತು. ಕಲ್ಲಿನ ಮೇಲೆ ಬರಿಗಾಲಿನ ಒದ್ದೆ ಗುರುತೊಂದಿತ್ತು. ಸಿದ್ದಯ್ಯನವರದ್ದೇ ಇರಬೇಕೆಂದುಕೊಂಡೆ. ಅವರು ನಿಂತಿದ್ದ ಜಾಗಕ್ಕೂ ಆ ಗುರುತಿಗೂ ನಾಲ್ಕು ಮಾರು ದೂರವಿತ್ತು.

ಕೆಂಪನ ಕತೆಯನ್ನು ಅವರು ಹೇಳಿದ್ದು ಆವತ್ತೇ. ಕೆಂಪ ಅವರ ತಮ್ಮ. ಹಿಂದೆ ಮೇಲಿನಿಂದ ನಾಲೆಗೆ ನೀರು ಬಿಡುವಾಗ ಒಬ್ಬ ಆಳು ನೀರಿಗಿಂತ ಮುಂದೆ ಏರಿಯ ಮೇಲೆ ಓಡಬೇಕಿತ್ತಂತೆ. ಖಾಲಿ ನಾಲೆಯೊಳಗೆ ದನ ಮೇಯಿಸುವವರು, ಮರಳು ತುಂಬುವವರು ಇರುತ್ತಾರೆ. "ನೀರು ಬಂತು, ಮ್ಯಾಕ್ಕೆ ಬನ್ನಿ" ಎಂದು ಕೂಗಿಕೊಂಡು ಓಡುವುದು ಕೆಂಪನ ಕೆಲಸ. ಆಮೇಲೆ ತೂಬುಮನೆಗೆ ಟೆಲಿಫೋನು ಬಂತು. ಮೇಲಿನವರು ಗಂಟೆ ಬಾರಿಸಿದರೆ ಕೆಳಗಿನವರಿಗೆ ಗೊತ್ತಾಗುತ್ತಿತ್ತು. ಕೆಂಪನಿಗೆ ನಾಳೆಯಿಂದ ಬರಬೇಡ ಎಂದರು.

"ಬರ್ಬ್ಯಾಡ ಅಂದ್ರೂ ಅವ್ನು ಓಡಾದು ಬುಡ್ನಿಲ್ಲ ಕಣವ್ವ," ಎಂದರು ಸಿದ್ದಯ್ಯ. "ಪೋನು ಮನೇಲಿರೋರ್ಗೆ ಕೇಳ್ತದೆ, ನಾಲೆ ಒಳ್ಗೆ ಇರೋರ್ಗೆ ಕೇಳ್ತದಾ ಅನ್ನೋನು. ಒಂದಿನ ನೀರು ಬುಟ್ರು. ನಾನು ಇದೇ ಕಟ್ಟೆ ಮ್ಯಾಲೆ ನಿಂತಿದ್ದೆ. ನೀರು ಬಂತು. ಅವ್ನು ಬರ್ನಿಲ್ಲ."

"ನೀರಿಗೆ ಬಿದ್ರಾ?"

"ನಾಲೆ ನಿಲ್ಸಿ, ಕೊನೆಗಂಟ ಉಡುಕಿದ್ರು. ಏನೂ ಸಿಗ್ನಿಲ್ಲ." ನೀರಿನ ಕಡೆ ತಿರುಗಿ ಹೇಳಿದರು: "ನೋಡ್ತಾ ನಿಂತ್ರೆ ಬರಾಕಿಲ್ಲ ಅವ್ನು. ಅದ್ಕೇ ಬೆನ್ನಾಕಿ ನಿಂತ್ಕತೀನಿ."

ಆಮೇಲೆ ಯಾರೂ ಆ ಲೆಕ್ಕವನ್ನು ಕೇಳಿ ನಗಬಾರದೆಂದು ನಾನೇ ಹುಷಾರಾಗಿದ್ದೆ. ಹೆದರಿಕೆ ಆಗಲಿಲ್ಲವೇ ಎಂದರೆ ಆಯಿತು. ಆದರೆ ಮುಂದೆ ಒಬ್ಬ ಓಡುತ್ತಿದ್ದಾನೆಂದು ನಂಬಿ ಓಡಿದರೆ ಕಾಲು ತಾನಾಗಿ ಎದ್ದು ಬರುತ್ತಿತ್ತು, ಅದೂ ನಿಜ.

ಹೀಗಿರುವಾಗ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನಂಜುಂಡಪ್ಪನವರು ಬೆಂಗಳೂರಿನಿಂದ ಒಂದು ಡಿಜಿಟಲ್ ಸ್ಟಾಪ್‌ವಾಚು ತಂದರು. ಕೊರಳಿಗೆ ಕಪ್ಪು ದಾರದಲ್ಲಿ ನೇತುಹಾಕಿಕೊಳ್ಳುವಂಥದ್ದು. ಒಬ್ಬೊಬ್ಬರು ಗೆರೆ ದಾಟಿದಾಗಲೂ ಒಮ್ಮೆ ಒತ್ತಿದರೆ ಎಲ್ಲರ ಸಮಯವನ್ನೂ ಸಾಲಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಸೆಕೆಂಡನ್ನು ನೂರು ಚೂರು ಮಾಡಿ ತೋರಿಸುತ್ತಿತ್ತು. ಮೇಷ್ಟ್ರು ಒಳ್ಳೆಯ ಮನುಷ್ಯರು, ನಮಗೆ ಒಳ್ಳೆಯದಾಗಲೆಂದೇ ತಂದದ್ದು. ದಿನಾ ನಮ್ಮ ಹೆಸರಿನ ಮುಂದೆ ಸಮಯ ಬರೆದು ಶಾಲೆಯ ಕಾಂಪೌಂಡಿಗೆ ಅಂಟಿಸತೊಡಗಿದರು.

ಮೊದಲ ವಾರ ಎಲ್ಲರಿಗೂ ಹಬ್ಬ. ಎರಡನೇ ವಾರ ಅಂಚೆಯವರು ಬರಲಿಲ್ಲ. ತಮ್ಮ ಹೆಸರು ಪಟ್ಟಿಯ ತಳದಲ್ಲಿರುವುದನ್ನು ಊರವರೆಲ್ಲ ಓದುತ್ತಾರೆಂದು ಅವರಿಗೆ ನಾಚಿಕೆಯಾಗಿತ್ತು. ಅಂಗನವಾಡಿಯ ಅಕ್ಕನಿಗೆ ಯಾರೋ ರೇಗಿಸಿದರಂತೆ, ಅವಳೂ ನಿಂತಳು. ಟ್ರಾಕ್ಟರು ಡ್ರೈವರು ಹೊಟ್ಟೆ ಇರಲಿ ಬಿಡು ಎಂದ. ವರ್ಷ ತಿರುಗುವುದರೊಳಗೆ ಹದಿನೆಂಟು ಜನ ನಾಲ್ಕಾದೆವು. ಗೆಲ್ಲುವ ಆಸೆ ಇದ್ದವರು ಮಾತ್ರ ಉಳಿದೆವು. ಸಿದ್ದಯ್ಯನವರನ್ನು ಬೇಡವೆಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಅವರು ಮಾತ್ರ ದಿನವೂ ಬಂದು ಕಟ್ಟೆಯ ಮೇಲೆ ಬೆನ್ನು ಹಾಕಿ ನಿಲ್ಲುತ್ತಿದ್ದರು.

ಮೇಷ್ಟ್ರಿಗೆ ವಾಚಿನ ಮೇಲೆ ಒಂದೇ ಒಂದು ತಕರಾರಿತ್ತು. ನಾಲ್ವರು ಓಡಿದರೆ ಒಮ್ಮೊಮ್ಮೆ ಐದು ಸಮಯ ತೋರಿಸುತ್ತಿತ್ತು. ಮೈಸೂರಿನಲ್ಲಿ ರಿಪೇರಿಯವನಿಗೆ ತೋರಿಸಿದರು. ಏನೂ ಕೆಟ್ಟಿಲ್ಲ, ನಿಮ್ಮ ಬೆರಳೇ ಎರಡು ಸಲ ಒತ್ತಿರಬೇಕು ಎಂದು ಅವನು ಕಳುಹಿಸಿದ. ಮೇಷ್ಟ್ರು ನಂಬಿದರು. ನಾನು ಸಿದ್ದಯ್ಯನವರ ಮುಖ ನೋಡಿದೆ. ಅವರು ನೀರು ನೋಡುತ್ತಿದ್ದರು.

ಆ ವರ್ಷ ಕೆ.ಆರ್. ಪೇಟೆಯಲ್ಲಿ ಆಯ್ಕೆಯ ಓಟ ನಡೆಯಿತು. ಹೆಂಗಸರ ಸಾವಿರದ ಐನೂರು ಮೀಟರನ್ನು ಐದು ನಿಮಿಷದೊಳಗೆ ಮುಗಿಸಿದವರ ಹೆಸರು ಮಾತ್ರ ಕ್ರೀಡಾ ಕೋಟಾದ ಕೆಲಸಕ್ಕೆ ಹೋಗುವುದಿತ್ತು. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ಸಲ. ತಪ್ಪಿದರೆ ಸೋದರಮಾವನ ಮಗನಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು, ಅವನ ಮುಖ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಅಭ್ಯಾಸದಲ್ಲಿ ನಾನು ಒಮ್ಮೆಯೂ ಐದು ನಿಮಿಷದೊಳಗೆ ಬಂದಿರಲಿಲ್ಲ. ಧೈರ್ಯಕ್ಕಿರಲಿ ಎಂದು ಸಿದ್ದಯ್ಯನವರನ್ನೂ ಬಸ್ಸು ಹತ್ತಿಸಿಕೊಂಡು ಹೋದೆ. ಅವರು ಮೈದಾನದ ಬೇಲಿಯ ಹತ್ತಿರ ಹೊಂಗೆ ಮರದ ಕೆಳಗೆ ನಿಂತು, ಎಂದಿನಂತೆ ಟ್ರ್ಯಾಕಿಗೆ ಬೆನ್ನು ಹಾಕಿದರು.

ಆರು ಜನ ಓಡಿದೆವು. ಕೊನೆಯ ಸುತ್ತಿನ ಹೊತ್ತಿಗೆ ನಾನೇ ಮುಂದಿದ್ದೆ. ನನ್ನ ಮುಂದೆ ಸುಣ್ಣದ ಗೆರೆ, ಧೂಳು, ಬಿಸಿಲು, ಇನ್ನೇನೂ ಇಲ್ಲ. ಆದರೂ ಹೆಜ್ಜೆ ಕೇಳುತ್ತಿತ್ತು. ಹಿಂದಿನಿಂದಲ್ಲ, ಮುಂದಿನಿಂದ. ಒದ್ದೆ ಬರಿಗಾಲು ನೆಲಕ್ಕೆ ತಾಗಿದರೆ ಬರುವ ಪಚಪಚ ಸದ್ದು. ಆ ಒಣ ಮೈದಾನದಲ್ಲಿ, ಆ ಹಗಲಿನಲ್ಲಿ, ನನ್ನ ಮೈಯ ರೋಮಗಳು ಎದ್ದು ನಿಂತವು. ಅದನ್ನು ಹಿಡಿಯಬೇಕೆಂದು ಓಡಿದೆ, ಹಿಡಿಯಲಾಗಲಿಲ್ಲ, ಗೆರೆ ದಾಟಿ ಬಿದ್ದೆ.

ಸಮಯ ಹಿಡಿದವರು ನಂಜುಂಡಪ್ಪ ಮೇಷ್ಟ್ರೇ. ಪಕ್ಕದಲ್ಲಿದ್ದ ಇಬ್ಬರು ಸ್ಥಾನ ಮಾತ್ರ ಬರೆದುಕೊಳ್ಳುತ್ತಿದ್ದರು. ವಾಚು ಏಳು ಸಮಯ ತೋರಿಸಿತು. ಮೊದಲನೆಯದು ನಾಲ್ಕು ನಿಮಿಷ ಐವತ್ತೆಂಟು ಸೆಕೆಂಡು, ಎರಡನೆಯದು ಐದು ನಿಮಿಷ ಒಂದು ಸೆಕೆಂಡು.

"ದಾಟ್ದೋರ್‌ಗೆ ಒಂದೊಂದು ಸಲಾನೇ ಒತ್ತಿದ್ದು ಕಣ್ರೀ," ಎಂದು ಮೇಷ್ಟ್ರು ಗೊಣಗಿಕೊಂಡರು. ಆಮೇಲೆ, "ಹೋಗ್ಲಿ, ಕೊನೇದು ಜಾಸ್ತಿ ಒತ್ತಿರ್ಬೇಕು" ಎಂದು ಏಳನೆಯದನ್ನು ಹೊಡೆದು ಹಾಕಿದರು.

ಆರನೆಯ ಹುಡುಗಿ ಎಲ್ಲರಿಗಿಂತ ಬಹಳ ಹಿಂದೆ ಒಬ್ಬಳೇ ಬಂದಿದ್ದಳು, ಜನ ಚಪ್ಪಾಳೆ ತಟ್ಟಿದ್ದರು. ಅಲ್ಲಿ ಎರಡು ಸಲ ಒತ್ತುವ ಪ್ರಮೇಯವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಕೊನೆಯದನ್ನು ಹೊಡೆದದ್ದರಿಂದ ಹೆಸರುಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದು, ಆರೂ ಜನರಿಗೆ ತಮ್ಮ ಸಮಯಕ್ಕಿಂತ ಒಳ್ಳೆಯ ಸಮಯ ಸಿಕ್ಕಿತು. ಯಾರು ತಕರಾರು ಮಾಡುತ್ತಾರೆ? ನನ್ನ ಹೆಸರಿನ ಮುಂದೆ ಐವತ್ತೆಂಟು ಎಂದು ಬರೆದರು.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಸಿದ್ದಯ್ಯನವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಕುಳಿತಿದ್ದರು. ಚಿನಕುರಳಿ ದಾಟಿದ ಮೇಲೆ ಬಾಯಿ ಬಿಟ್ಟರು.

"ಮೊದಲ್ನೇದು ನಿಂದಲ್ಲ ಕಣವ್ವ. ನೀನು ಎರಡು ಗಣ್ಣು ಇಂದೆ ಇದ್ದೆ."

ನಾನು ಅವರ ಕಡೆ ತಿರುಗಿದೆ. "ಅಂಗಾದ್ರೆ ಮೇಷ್ಟ್ರುಗೆ ಯೋಳ್ಬುಡ್ಲಾ ತಾತ?"

"ಅದು ನಿನ್ ಕೈಲೈತೆ. ಯೋಳ್ಬೇಕು ಅನ್ಸುದ್ರೆ ಯೋಳು. ಬುಡ್ಬೇಕು ಅನ್ಸುದ್ರೆ ಬುಡು. ನಾನಂತೂ ಯಾರ್ ತಾವೂ ಬಾಯ್ ಬುಡಾಕಿಲ್ಲ."

ನಾನು ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು ಎಂಬುದು ಆಮೇಲೆ ನಾನು ಕಟ್ಟಿಕೊಂಡ ನೆಪ. ನನಗೆ ಆ ಕೆಲಸ ಬೇಕಿತ್ತು, ಅಷ್ಟೇ. ಆರು ತಿಂಗಳಿಗೆ ನಾಗಮಂಗಲದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿದೆ.

ಸಿದ್ದಯ್ಯನವರನ್ನು ಕೊನೆಯ ಸಲ ನೋಡಿದ್ದು ಅದಾದ ಮೂರನೆಯ ವರ್ಷ. ಕಟ್ಟೆಯ ಮೇಲೆ ನಿಲ್ಲಲಾಗದೆ ಕುಳಿತಿದ್ದರು. ನಾಲೆಯಲ್ಲಿ ನೀರಿರಲಿಲ್ಲ, ಏರಿಯ ಮೇಲೆ ಓಡುವವರೂ ಇರಲಿಲ್ಲ. ನಾನು ತಂದಿದ್ದ ಬಾಳೆಹಣ್ಣು ಬದಿಗಿಟ್ಟು, "ಒಂದ್ ಸಲ ಓಡವ್ವ, ಕೇಳ್ಬೇಕು" ಎಂದರು. ಸೀರೆ ಎತ್ತಿಕಟ್ಟಿ, ನಾವು ಓಟ ಶುರು ಮಾಡುತ್ತಿದ್ದ ಅರಳಿಮರದಿಂದ ಕಟ್ಟೆಯ ತನಕ ಓಡಿದೆ. ಅವರು ಕುಳಿತಲ್ಲೇ ಬೆನ್ನು ತಿರುಗಿಸಿಕೊಂಡಿದ್ದರು. ನಾನು ಕಲ್ಲು ದಾಟಿದೆ. ಹೆಬ್ಬೆರಳು ನಿಲ್ಲಲಿಲ್ಲ. ಇನ್ನೂ ಎರಡು ಗಣ್ಣು ಸರಿದು ಆಮೇಲೆ ನಿಂತಿತು.

"ಈಗ ನಿನ್ ಇಂದೆ ಬತ್ತಾವ್ನೆ," ಎಂದರು. "ಅವನ ಟೇಮು ನಿನ್ ತಾವ ಐತಲ್ಲ, ಅದ್ಕೇ. ಎದರ್ಕಬ್ಯಾಡ. ಕೆಟ್ಟೋನಲ್ಲ ಅವ್ನು. ತಿರುಗಿ ಮಾತ್ರ ನೋಡ್ಬ್ಯಾಡ."

ಮುಂದಿನ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು. ನಂಜುಂಡಪ್ಪ ಮೇಷ್ಟ್ರು ಅಲ್ಲಿದ್ದರು. ಏನನ್ನಿಸಿತೋ, ಕೊರಳಲ್ಲಿದ್ದ ವಾಚು ತೆಗೆದು ನನ್ನ ಕೈಗಿಟ್ಟು, "ಇನ್ನು ಇದು ಯಾರ್ಗೆ ಬೇಕು ಜಯ" ಎಂದರು.

ನಾಗಮಂಗಲದಲ್ಲಿ ನಾಲೆಯ ನೀರಿಲ್ಲ. ಆ ಬೇಸಿಗೆ ಕೆರೆಯಲ್ಲೂ ನೀರಿರಲಿಲ್ಲ. ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಸಾವಿರದ ಐನೂರು ಮೀಟರು ಅಳೆದಿಟ್ಟುಕೊಂಡು, ವಾಚು ಒತ್ತಿ ಓಡಲು ಶುರು ಮಾಡಿದೆ. ಅರ್ಧ ದಾರಿಗೆ ಹಿಂದಿನಿಂದ ಒದ್ದೆ ಹೆಜ್ಜೆ ಕೇಳಿಸಿತು. ತಿರುಗಿ ನೋಡಲಿಲ್ಲ. ಪ್ರಾಣ ಬಾಯಿಗೆ ಬರುವ ಹಾಗೆ ಓಡಿದೆ. ಗುರುತಿನ ಕಲ್ಲು ದಾಟಿ ಒತ್ತಿದಾಗ ವಾಚು ನಾಲ್ಕು ನಿಮಿಷ ಐವತ್ತಾರು ಎಂದಿತು. ನನ್ನದೇ ಸಮಯ, ನನ್ನ ಕಾಲಿನದ್ದು. ಆ ಐವತ್ತೆಂಟು ಇನ್ನು ಕೆಂಪನಿಗೇ ವಾಪಸ್ಸು. ವಾಚನ್ನು ಅಲ್ಲೇ ಕಲ್ಲಿನ ಮೇಲಿಟ್ಟು, ಬಂದ ದಾರಿಗೆ ಬೆನ್ನು ಹಾಕಿ, ಒಣಗಿದ ಕೆರೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತೆ. ಹೆಬ್ಬೆರಳು ತಾನಾಗಿ ಗಣ್ಣಿನ ಮೇಲೆ ಹೋಯಿತು. ಒಂದು. ಎರಡು. ಪಚಪಚ ಸದ್ದು ನನ್ನ ಬೆನ್ನ ಹಿಂದೆಯೇ ಕಲ್ಲು ದಾಟಿ ಮುಂದೆ ಹೋಯಿತು.

"ತಾತ, ಅವ್ನು ಎರಡು ಗಣ್ಣು ಇಂದೆ ಬಂದ," ಎಂದು ಜೋರಾಗಿಯೇ ಹೇಳಿದೆ. ಹೌದು ಎನ್ನಲು ಅಲ್ಲಿ ಯಾರೂ ಇರಲಿಲ್ಲ.