ಹದಿನೇಳು ಕಡೆ ‘ಬೇಡ’

೧೯೯೮ರಲ್ಲಿ ನಾನು ಹಲಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡಯಟೀಷಿಯನ್ ಆಗಿದ್ದೆ. ರೋಗಿಗಳು ಏನು ತಿನ್ನಬೇಕು, ಏನು ಬಿಡಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಸೇರಿ ಎರಡೇ ವರ್ಷವಾಗಿತ್ತು. ಕೊಲೆಸ್ಟ್ರಾಲಿಗೆಂದೇ ನಾನು ಸಿದ್ಧಪಡಿಸಿದ್ದ ಡಯಟ್ ಚಾರ್ಟಿನ ಮೇಲೆ ನನಗೆ ಬಹಳ ಅಭಿಮಾನ.

ಆ ಜೂನ್‌ನಲ್ಲಿ ಹೊರಮಾವಿನ ಮುನಿಯಪ್ಪನವರು ಬಂದರು. ಐವತ್ತೆಂಟು ವರ್ಷ. ಹೊಲವೆಲ್ಲ ಲೇಔಟ್ ಆದಮೇಲೆ ನಡಿಗೆ ನಿಂತು ಹೊಟ್ಟೆ ಬಂದಿತ್ತು. ಒಟ್ಟು ಕೊಲೆಸ್ಟ್ರಾಲ್ ೨೬೮, ಇನ್ನೂರರೊಳಗಿದ್ದರೆ ಒಳ್ಳೆಯದು. ಬಿಪಿ, ಸಕ್ಕರೆ ಸರಿಯಾಗಿದ್ದುದರಿಂದ ಡಾಕ್ಟರು, ಮೂರು ತಿಂಗಳು ಪಥ್ಯ ಮಾಡಿ ನೋಡೋಣ, ಇಳಿಯದಿದ್ದರೆ ಮಾತ್ರೆ ಎಂದರು. ಮುನಿಯಪ್ಪನವರ ತಮ್ಮ ಹಿಂದಿನ ವರ್ಷವಷ್ಟೇ ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡಿದ್ದರು. ನಾನು ಚಾರ್ಟ್ ಓದಿ ಹೇಳುವಷ್ಟು ಹೊತ್ತೂ ಇವರು ಕೈಕಟ್ಟಿ ಕೂತಿದ್ದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸೆಪ್ಟೆಂಬರಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ೧೮೬ ಆಗಿತ್ತು. ಪಥ್ಯವೊಂದರಿಂದಲೇ ಅಷ್ಟು ಇಳಿದದ್ದನ್ನು ನಾನು ಕಂಡಿರಲಿಲ್ಲ. ಬಂದ ರೋಗಿಗಳಿಗೆಲ್ಲ ಹೇಳಿಕೊಂಡೆ. ಮುನಿಯಪ್ಪನವರ ಶರಟು ಮೈಮೇಲೆ ನೇತಾಡುತ್ತಿದ್ದುದನ್ನು ಕಂಡರೂ ಅದು ಚಾರ್ಟಿನ ಗೆಲುವೆಂದೇ ಎಣಿಸಿದೆ.

ಎರಡು ವಾರದ ನಂತರ ಅವರ ಹೆಂಡತಿ ಜಯಮ್ಮ, ಗಂಡನಿಗೆ ತಿಳಿಸದೆ, ಎರಡು ಬಸ್ಸು ಬದಲಿಸಿ ಒಬ್ಬರೇ ಬಂದರು. ಚಾರ್ಟಿನಲ್ಲಿದ್ದ ಬೇಯಿಸಿದ ತರಕಾರಿ, ಎರಡು ಚಪಾತಿ, ಓಟ್ಸ್ ಗಂಜಿ ಬಿಟ್ಟರೆ ಮುನಿಯಪ್ಪ ಏನನ್ನೂ ಮುಟ್ಟುತ್ತಿರಲಿಲ್ಲವಂತೆ. ಮಗಳ ಸೀಮಂತದ ದಿನ ಪಂಕ್ತಿಗೆ ಕೂರದೆ ಒಳಕೋಣೆಯಲ್ಲಿ ಡಬ್ಬಿ ಬಿಚ್ಚಿ ತಿಂದಿದ್ದರು. ಹಿಂದಿನ ದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದರು.

“ನನ್ ಪಕ್ದಲ್ಲಿ ಕೂತು ಉಂಡು ಮೂರು ತಿಂಗ್ಳಾಯ್ತು ಮೇಡಂ,” ಎಂದು ಜಯಮ್ಮ ಆ ಚಾರ್ಟನ್ನು ಮೇಜಿನ ಮೇಲಿಟ್ಟರು. “ನಂಗೆ ಓದಕ್ಕೆ ಬರಲ್ಲ. ಇದ್ರಾಗೆ ಉಣ್ಣು ಅಂತ ಎಲ್ಲಾದ್ರೂ ಬರ್ದೈತಾ?”

ಹುಡುಕಿದೆ. ‘ಬೇಡ’ ಎಂಬ ಮಾತು ಹದಿನೇಳು ಕಡೆ ಇತ್ತು. ‘ಉಣ್ಣಿ’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ನಾಚಿಕೆಯಾಯಿತು.

ಮರುದಿನವೇ ಮುನಿಯಪ್ಪನವರನ್ನು ಕರೆಸಿದೆವು. ಹನ್ನೊಂದು ಕೆ.ಜಿ. ಇಳಿದಿದ್ದರು, ರಕ್ತಹೀನತೆಯೂ ಇತ್ತು. ಹೊಲ ಮಾಡುವಾಗ ಏನು ಉಣ್ಣುತ್ತಿದ್ದಿರಿ ಎಂದು ಆಗ, ಮೊದಲ ಸಲ, ಕೇಳಿದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿ. ನಾರಿನಂಶ ತುಂಬಿದ ಆ ಊಟವೇ ಅವರಿಗೆ ತಕ್ಕ ಪಥ್ಯವಾಗಿತ್ತು. ನನ್ನ ಚಾರ್ಟಿನಲ್ಲಿ ಅದರ ಹೆಸರೇ ಇರಲಿಲ್ಲ.

“ಕಾಗ್ದದಾಗೆ ಇಲ್ದಿದ್ದು ತಿಂದ್ರೆ ನಾನೂ ತಮ್ಮನಂಗೇ ಹೋಗ್ಬಿಡ್ತೀನಿ ಅಂದ್ಕೊಂಡೆ,” ಎಂದರು ಮುನಿಯಪ್ಪ.

ಈ ಸಲ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬರೆದೆ. ಮುದ್ದೆ, ಸೊಪ್ಪು, ಕಾಳು ದಿನವೂ. ಭಾನುವಾರ ಚರ್ಮ ತೆಗೆದ ಕೋಳಿ. ಕರಿದದ್ದು ಹಬ್ಬಕ್ಕೆ ಮಾತ್ರ. ಮನೆಗೆಲ್ಲ ತಿಂಗಳಿಗೆ ಇಷ್ಟೇ ಎಣ್ಣೆ ಎಂಬ ಲೆಕ್ಕ. ಬೆಳಿಗ್ಗೆ ಇಬ್ಬರೂ ಸೇರಿ ಮುಕ್ಕಾಲು ಗಂಟೆ ನಡಿಗೆ.

ಮಾರ್ಚ್‌ನಲ್ಲಿ ರಿಪೋರ್ಟ್ ೨೦೮ ತೋರಿಸಿತು. ಮತ್ತೆ ಏರಿತಲ್ಲ ಎಂದು ಮುನಿಯಪ್ಪನವರ ಮುಖ ಬಿಳಿಚಿತು. ಡಾಕ್ಟರು ಎಲ್ಲವನ್ನೂ ನೋಡಿ, ಮಾತ್ರೆ ಸದ್ಯಕ್ಕೆ ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಎಂದರು. ತೂಕ ಆರು ಕೆ.ಜಿ. ಮರಳಿತ್ತು, ರಕ್ತಹೀನತೆ ಹೋಗಿತ್ತು. ಈಗ ಇಬ್ಬರೂ ಒಟ್ಟಿಗೇ ಉಣ್ಣುತ್ತೇವೆ ಎಂದು ಜಯಮ್ಮ ಹೇಳಿದಾಗ, ೧೮೬ರ ದಿನ ಆಗಿರದಷ್ಟು ನೆಮ್ಮದಿ ನನಗಾಯಿತು.

ಹೆದರಿದ ಮನುಷ್ಯ ನಾವು ಹೇಳಿದ್ದಕ್ಕಿಂತ ಹೆಚ್ಚು ಪಾಲಿಸುತ್ತಾನೆ. ಇದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಅಂದಿನಿಂದ ನಿವೃತ್ತಿಯಾಗುವವರೆಗೂ, ಪೆನ್ನು ಕೈಗೆತ್ತಿಕೊಳ್ಳುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ: ನಿನ್ನೆ ಏನು ಉಂಡಿರಿ, ಯಾರ ಜೊತೆ?